ಭಯ ಮಾರುವವರು ತಪಾಸಣೆಯ ಚೀಟಿ ತೋರಿಸಲಿ

ತಲೆಕೆಳಗಾಗಿ ತಿರುಗುವ ರೋಲರ್ ಕೋಸ್ಟರ್‌ನಲ್ಲಿ ನಾನು ಮೊದಲು ಕುಳಿತದ್ದು ಐವತ್ತು ದಾಟಿದ ಮೇಲೆ, ಬಿಡದಿಯ ವಂಡರ್‌ಲಾದಲ್ಲಿ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳು ಹಟ ಹಿಡಿದು ಕರೆದುಕೊಂಡು ಹೋಗಿದ್ದಳು. ಮಂಗಳೂರಿನ ಪಣಂಬೂರು ಬಂದರಿನಲ್ಲಿ ಕ್ರೇನ್ ದುರಸ್ತಿ ಮಾಡಿಕೊಂಡೇ ಆಯುಷ್ಯ ಕಳೆದವನು ನಾನು. ಸರತಿಯಲ್ಲಿದ್ದವರೆಲ್ಲ ಗೋಪುರದ ತುದಿ ನೋಡುತ್ತಿದ್ದರೆ ನನ್ನ ಕಣ್ಣು ಚಕ್ರಗಳ ಮೇಲೆ. ಹಳಿಯ ಮೇಲೊಂದು, ಪಕ್ಕಕ್ಕೊಂದು, ಅಡಿಯಲ್ಲೊಂದು. ಗಾಡಿ ಮಗುಚಿದರೂ ಹಳಿ ಬಿಟ್ಟು ಹೋಗದಿರುವುದು ಆ ಅಡಿಯ ಚಕ್ರದಿಂದ.

ಆಟದ ಹೆಸರು ರಿಕಾಯ್ಲ್. ಮೊದಲು ಗಾಡಿಯನ್ನು ಹಿಮ್ಮುಖವಾಗಿ ಮೇಲಕ್ಕೆಳೆಯುತ್ತಾರೆ. ಮುಖ ನೆಲಕ್ಕೆ, ಮೈಭಾರವೆಲ್ಲ ಹೆಗಲಿನಿಂದ ಎದೆಗೆ ಇಳಿದ ಕಟ್ಟಿನ ಮೇಲೆ. ಬಿಟ್ಟ ಮೇಲೆ ಎಂಜಿನ್ ಇಲ್ಲ, ಇರುವುದು ಬೀಳುವ ವೇಗ ಮಾತ್ರ. ಸುರುಳಿಯ ನೆತ್ತಿಯಲ್ಲಿ ಬಿದ್ದೇನು ಅನ್ನಿಸಲೇ ಇಲ್ಲ. ಯಾರೋ ಸೀಟಿಗೆ ಒತ್ತಿ ಹಿಡಿದ ಹಾಗಿತ್ತು. ಆ ಸುರುಳಿ ಪೂರ್ತಿ ವೃತ್ತವಲ್ಲ, ನೀರಿನ ಹನಿಯಂತೆ ನೆತ್ತಿಯಲ್ಲಿ ಕಿರಿದು. 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ ಪೂರ್ತಿ ವೃತ್ತ ಕಟ್ಟಿ ಜನರ ಕುತ್ತಿಗೆ ನೋಯಿಸಿದ್ದರು. 1976ರಲ್ಲಿ ಕ್ಯಾಲಿಫೋರ್ನಿಯಾದ ರೆವಲ್ಯೂಷನ್ ಎಂಬ ಕೋಸ್ಟರ್ ಈ ಹನಿಯಾಕಾರದಲ್ಲಿ ಓಡಿದ ಮೇಲೆಯೇ ಇಂಥ ಸುರುಳಿಯ ಆಟ ಜನಸಾಮಾನ್ಯರಿಗೆ ದಕ್ಕಿದ್ದು. ಇನ್ನೊಂದು ಗೋಪುರ ಹತ್ತಿ ಅದೇ ದಾರಿಯಲ್ಲಿ ಹಿಂದಕ್ಕೆ ಬರುವಾಗ ಮಾತ್ರ ಕಣ್ಣು ಮುಚ್ಚಿದೆ. ಇಳಿದಾಗ ಮೊಣಕಾಲು ನಡುಗುತ್ತಿತ್ತು, ಖುಷಿಗೆ ನಗು ತಡೆಯಲಾಗಲಿಲ್ಲ.

ಆದರೆ ನಾನು ಹತ್ತಿದ್ದು ಧೈರ್ಯದಿಂದಲ್ಲ. ಹೊರಡುವ ಮುಂಚೆ ಒಬ್ಬ ಹುಡುಗ ಸಾಲುದ್ದಕ್ಕೂ ಬಂದು ಪ್ರತಿಯೊಬ್ಬರ ಕಟ್ಟನ್ನೂ ಕೆಳಕ್ಕೊತ್ತಿ, ಮತ್ತೆ ಮೇಲಕ್ಕೆ ಜಗ್ಗಿ ನೋಡಿದ. ಮಾತಿಲ್ಲ, ಅವಸರವಿಲ್ಲ. ಕೊನೆಯ ಸೀಟು ಮುಗಿದ ಮೇಲೆಯೇ ಹೆಬ್ಬೆರಳು ಎತ್ತಿದ. ಸರಕಿಗೆ ಕೊಕ್ಕೆ ಹಾಕಿದ ಮೇಲೆ ಒಮ್ಮೆ ಜಗ್ಗದೆ ಎತ್ತಬಾರದೆಂದು ಬಂದರಿನಲ್ಲಿ ನಮಗೂ ಕಲಿಸಿದ್ದರು. ಆ ಕೈಯನ್ನು ನಂಬಿ ಕುಳಿತೆ.

ಈ ನಂಬಿಕೆ ನಮ್ಮೂರಿನ ಮಕ್ಕಳಿಗೂ ಸಿಗಬೇಕು. ಮಂಗಳೂರಿನಲ್ಲಿ ಇಂಥ ಕೋಸ್ಟರ್ ಇಲ್ಲ, ನಿಜ. ಆದರೆ ಕರಾವಳಿ ಉತ್ಸವ ಮೈದಾನಕ್ಕೂ ಊರೂರಿನ ಜಾತ್ರೆ, ಎಕ್ಸಿಬಿಷನ್‌ಗಳಿಗೂ ಜೈಂಟ್ ವೀಲ್, ಕೊಲಂಬಸ್ ದೋಣಿಗಳು ಲಾರಿಯಲ್ಲಿ ಬರುತ್ತವೆ. ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚುವ ಯಂತ್ರದಲ್ಲಿ ಪಿನ್ನಿನ ತೂತು ಸವೆಯುತ್ತದೆ, ಬೆಸುಗೆಯಲ್ಲಿ ಕೂದಲೆಳೆಯ ಬಿರುಕು ಹುಟ್ಟುತ್ತದೆ. ಮೇಲಾಗಿ ನಮ್ಮದು ಉಪ್ಪುಗಾಳಿ. ಹೊಸ ಬಣ್ಣದಡಿಯಲ್ಲಿ ಬೋಲ್ಟ್ ತುಕ್ಕು ತಿಂದು ಪುಡಿಯಾಗಿರುವುದನ್ನು ಬಂದರಿನಲ್ಲಿ ಕಂಡವನು ನಾನು. ಬಣ್ಣ ನೋಡಿ ಯಂತ್ರವನ್ನು ಒಪ್ಪಲಾರೆ.

2019ರ ಜುಲೈಯಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ತೂಗುವ ಆಟವೊಂದು ಮುರಿದು ಬಿದ್ದು ಇಬ್ಬರು ಸತ್ತರು. 2022ರ ಸೆಪ್ಟೆಂಬರಿನಲ್ಲಿ ಮೊಹಾಲಿಯ ಮೇಳದಲ್ಲಿ ಜನ ಕುಳಿತಿದ್ದ ಆಟವೇ ಎತ್ತರದಿಂದ ನೆಲಕ್ಕೆ ಅಪ್ಪಳಿಸಿತು. ಅಲ್ಲಿ ಹತ್ತಿದವರೂ ನಮ್ಮ ಹಾಗೆ ಟಿಕೆಟು ಕೊಂಡ ಮನೆಮಂದಿಯೇ. ಆಮೇಲೆ ನಡೆಯುವ ತನಿಖೆಯಿಂದ ಅವರಿಗೇನು ಬಂತು?

ನಿಯಮ ಇಲ್ಲವೆಂದಲ್ಲ. ಮನರಂಜನಾ ಆಟಗಳ ಸುರಕ್ಷತೆಗೆಂದೇ ಐಎಸ್ 15475 ಎಂಬ ಭಾರತೀಯ ಮಾನದಂಡವಿದೆ. ಬಂದರಿನ ಕ್ರೇನನ್ನು ವರ್ಷಕ್ಕೊಮ್ಮೆಯಾದರೂ ಅರ್ಹ ಪರೀಕ್ಷಕ ಕೂಲಂಕಷವಾಗಿ ನೋಡಲೇಬೇಕು. ಎಷ್ಟು ಭಾರ ಎತ್ತಬಹುದೆಂದು ಅದರ ಮೈಮೇಲೆಯೇ ಬರೆದಿರಬೇಕು. ಕಲ್ಲಿದ್ದಲು, ಗೊಬ್ಬರ ಎತ್ತುವ ಯಂತ್ರಕ್ಕೆ ಇಷ್ಟಿರುವಾಗ ಮಕ್ಕಳನ್ನು ಎತ್ತುವ ಯಂತ್ರದ ಕಾಗದ ಯಾವುದೋ ಕಚೇರಿಯ ಕಡತದಲ್ಲಿ ಮಲಗಿದ್ದರೆ ಸಾಲದು.

ಮೈದಾನಕ್ಕೆ ಪರವಾನಗಿ ಕೊಡುವವರು ಷರತ್ತಿನಲ್ಲೇ ಬರೆಯಲಿ: ಪ್ರತಿ ಆಟದ ಟಿಕೆಟ್ ಕಿಟಕಿಯ ಪಕ್ಕ ಕನ್ನಡದಲ್ಲೊಂದು ಫಲಕ ಬೇಕು. ಈ ಊರಿನಲ್ಲಿ ಕಟ್ಟಿದ ದಿನ, ಕಟ್ಟಿದ ಮೇಲೆ ಪರೀಕ್ಷಿಸಿದ ಎಂಜಿನಿಯರ್‌ನ ಹೆಸರು, ಎಷ್ಟು ಜನ ಕೂರಬಹುದು ಎಂಬ ಲೆಕ್ಕ, ಆ ದಿನ ಬೆಳಿಗ್ಗೆ ಖಾಲಿ ಓಡಿಸಿ ನೋಡಿದವನ ಸಹಿ. ಸಹಿ ಇಲ್ಲದ ದಿನ ಆ ಕಿಟಕಿ ತೆರೆಯಕೂಡದು.