ಮಕ್ಕಳ ಒಂದು ದಿನದ ವಿನೋದ, ಮನೆಯವರ ಲೆಕ್ಕ

ಪರೀಕ್ಷೆ ಮುಗಿದು ರಜೆ ಸಮೀಪಿಸಿತೆಂದರೆ ಹರೆಯಕ್ಕೆ ಕಾಲಿಟ್ಟ ಮಕ್ಕಳಿರುವ ಮನೆಗಳಲ್ಲೆಲ್ಲ ಒಂದೇ ಬೇಡಿಕೆ. ಚಿಕ್ಕವರಿದ್ದಾಗ ಮರೀನಾ ಕಡಲತೀರದ ಮರಳು, ಒಂದು ಬಲೂನು, ಒಂದು ಪೊಟ್ಟಣ ಸುಂಡಲ್, ಇಷ್ಟರಿಂದಲೇ ತೃಪ್ತರಾಗುತ್ತಿದ್ದವರು, ಹದಿಮೂರು ದಾಟಿದ ಕೂಡಲೇ ‘ನಾವೆಲ್ಲ ಸೇರಿ ಥೀಮ್ ಪಾರ್ಕಿಗೆ ಹೋಗುತ್ತೇವೆ’ ಎನ್ನತೊಡಗುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ತಂದೆತಾಯಿಯರ ಕೈಬಿಟ್ಟು ಓರಗೆಯವರೊಡನೆ ಒಂದು ದಿನ ಕಳೆಯಬೇಕೆಂಬುದು ಆ ವಯಸ್ಸಿನ ಧರ್ಮ. ಅದೂ ಅಲ್ಲದೆ, ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತಮಿಳು ಆಡುತ್ತ ಬೆಳೆಯುವ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಕೂಗಾಡಿ ನಗುವುದಕ್ಕೆ ಸಿಕ್ಕುವ ದಿನಗಳೇ ಕಡಿಮೆ. ರಾಜ್ಯೋತ್ಸವದ ಭಾಷಣಗಳಿಗಿಂತ ಇಂಥ ಒಂದು ದಿನ ಅವರನ್ನು ಒಬ್ಬರಿಗೊಬ್ಬರು ಹೆಚ್ಚು ಹತ್ತಿರ ತಂದೀತೆಂದು ನಮ್ಮ ನಂಬಿಕೆ.

ತೊಡಕು ಇರುವುದು ಹಣದಲ್ಲಿ. ನಮ್ಮ ಕುಟುಂಬಗಳೆಲ್ಲ ಒಂದೇ ಅಂತಸ್ತಿನವಲ್ಲ. ಕಂಪ್ಯೂಟರ್ ಕಂಪೆನಿಯಲ್ಲಿ ಒಳ್ಳೆಯ ಸಂಬಳ ತರುವವರೂ ನಮ್ಮಲ್ಲುಂಟು. ಉಡುಪಿ ಹೋಟೆಲಿನ ಅಡಿಗೆಮನೆಯಲ್ಲಿ ನಸುಕಿನಿಂದ ದುಡಿದು ಊರಿಗೂ ಹಣ ಕಳಿಸುವವರೂ ಉಂಟು. ಮಕ್ಕಳು ಮಾತ್ರ ಸಂಘದ ಅಂಗಳದಲ್ಲಿ ಈ ಭೇದವಿಲ್ಲದೆ ಆಡುತ್ತಾರೆ. ಪ್ರವಾಸದ ಮಾತು ಬಂದಾಗಲೇ ಭೇದ ಎದ್ದು ಕಾಣುವುದು. ‘ಅಮ್ಮಾ, ನನಗೆ ಅವತ್ತು ಟ್ಯೂಷನ್ ಇದೆ, ನಾನು ಹೋಗಲ್ಲ’ ಎಂದು ಮಗ ತಾನಾಗಿಯೇ ಹೇಳಿದರೆ, ಆ ತಾಯಿಗೆ ಅರ್ಥವಾಗದೆ ಇರುವುದಿಲ್ಲ. ಹದಿನಾಲ್ಕರ ಹುಡುಗ ಮನೆಯ ಕಷ್ಟವನ್ನು ಮುಚ್ಚಿಡಲು ಕಲಿತನಲ್ಲ ಎಂದು ಅವಳು ಹೆಮ್ಮೆಪಡಬೇಕೋ ಅಳಬೇಕೋ ತಿಳಿಯದು. ಆದುದರಿಂದ ಅಗ್ಗದ ಪ್ರವಾಸವೆಂದರೆ ಟಿಕೇಟಿನಲ್ಲಿ ಹತ್ತು ರೂಪಾಯಿ ಉಳಿಸುವ ಜಾಣತನವಷ್ಟೇ ಎಂದು ತಿಳಿಯಬಾರದು. ಗುಂಪಿನ ಯಾವ ಮಗುವೂ ಸುಳ್ಳು ನೆಪ ಹೇಳಿ ಹಿಂದುಳಿಯದಂತೆ ಲೆಕ್ಕ ಹಾಕುವುದೇ ನಿಜವಾದ ಮಿತವ್ಯಯ.

ಮೊದಲು, ಎಲ್ಲಿಗೆ ಎಂಬ ಪ್ರಶ್ನೆ. ವಿ.ಜಿ.ಪಿ. ಗೋಲ್ಡನ್ ಬೀಚಿನಲ್ಲಿ ಯಾರು ಎಷ್ಟು ಚೇಷ್ಟೆ ಮಾಡಿದರೂ ಕದಲದೆ, ನಗದೆ ಬೊಂಬೆಯಂತೆ ನಿಂತಿರುತ್ತಿದ್ದ ಮನುಷ್ಯನನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಅದೇ ಪೂರ್ವ ಕರಾವಳಿ ರಸ್ತೆಯಲ್ಲಿ ಮುಂದೆ ಹೋದರೆ ಮುಟ್ಟುಕಾಡಿನ ಎಂ.ಜಿ.ಎಂ. ಡಿಜೀ ವರ್ಲ್ಡ್. ಪೋರೂರು, ಅಂಬತ್ತೂರು ಕಡೆಯವರಿಗೆ ಪೂನಮಲ್ಲಿ ದಾಟಿ ಬೆಂಗಳೂರು ಹೆದ್ದಾರಿಯಲ್ಲಿರುವ ಕ್ವೀನ್ಸ್‌ಲ್ಯಾಂಡ್ ಹತ್ತಿರ. ಇವುಗಳ ಜೊತೆಗೆ 2025ರ ಡಿಸೆಂಬರಿನಲ್ಲಿ ತಿರುಪ್ಪೋರೂರಿನ ಬಳಿಯ ಇಳ್ಳಲೂರಿನಲ್ಲಿ ವಂಡರ್‌ಲಾ ತೆರೆಯಿತು. 2005ರಲ್ಲಿ ಬಿಡದಿಯಲ್ಲಿ ಪಾರ್ಕು ತೆರೆದ ಕಂಪೆನಿಯದೇ ಇದು. ಅಜ್ಜಿಯ ಮನೆಗೆ ಬೆಂಗಳೂರಿಗೆ ಹೋದಾಗ ಬಿಡದಿಯನ್ನು ನೋಡಿಬಂದ ಮಕ್ಕಳು ಈಗ ‘ಇಲ್ಲಿಯೂ ಬಂದಿದೆ’ ಎಂದು ಕುಣಿಯುತ್ತಿದ್ದಾರೆ. ಹಳಿಯ ಕೆಳಗೆ ಕಾಲು ಜೋಲುಬಿಟ್ಟು ಕೂತು ಗಿರಗಿರನೆ ತಿರುಗುವ ರೋಲರ್ ಕೋಸ್ಟರೊಂದು ಅಲ್ಲಿದೆ. ಮಕ್ಕಳ ಬಾಯಲ್ಲಿ ಅದರದೇ ಮಾತು.

ಟಿಕೇಟಿನ ಪದ್ಧತಿಯನ್ನು ತಿಳಿದುಕೊಳ್ಳುವುದು ಒಳ್ಳೆಯದು. ನಮ್ಮ ಊರ ಜಾತ್ರೆಗಳಲ್ಲಿ ತೊಟ್ಟಿಲಿಗೆ ಬೇರೆ ಕಾಸು, ಕುದುರೆ ಆಟಕ್ಕೆ ಬೇರೆ ಕಾಸು. 1955ರ ಜುಲೈಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ವಾಲ್ಟ್ ಡಿಸ್ನಿಯವರು ಡಿಸ್ನಿಲ್ಯಾಂಡನ್ನು ತೆರೆದಾಗ ಅಲ್ಲಿಯೂ ಇದೇ ಕ್ರಮ: ಒಳಹೋಗಲು ಒಂದು ಹಣ, ಆಟಗಳಿಗೆ ಬೇರೆ ಹಣ. 1982ರಲ್ಲಿ ಡಿಸ್ನಿಲ್ಯಾಂಡಿನವರು ಅದನ್ನು ಬಿಟ್ಟು ಒಂದೇ ಟಿಕೇಟಿಗೆ ಬಂದರು. ಇಂದಿನ ದೊಡ್ಡ ಪಾರ್ಕುಗಳದ್ದೂ ಸಾಮಾನ್ಯವಾಗಿ ಇದೇ ಪದ್ಧತಿ. ಮಕ್ಕಳ ಗುಂಪಿಗೆ ಇದರಿಂದ ಒಂದು ಉಪಕಾರವುಂಟು. ಒಳಗೆ ಹೋದ ಮೇಲೆ ಒಬ್ಬನು ಹತ್ತು ಆಟ ಆಡಿ, ಇನ್ನೊಬ್ಬನು ಜೇಬು ಮುಟ್ಟಿನೋಡುತ್ತ ಪಕ್ಕದಲ್ಲಿ ನಿಲ್ಲಬೇಕಾಗಿಲ್ಲ. ಅಪಕಾರವೂ ಉಂಟು: ಬಾಗಿಲಲ್ಲಿಯೇ ದೊಡ್ಡ ಮೊತ್ತ ತೆರಬೇಕು.

ಆ ಮೊತ್ತವೆಷ್ಟು? ಇಳ್ಳಲೂರಿನ ಪಾರ್ಕು ತೆರೆದಾಗ ಪ್ರಕಟವಾದ ದರ 1,489 ರೂಪಾಯಿಯಿಂದ ಮೊದಲಾಗಿತ್ತು. ದಿನಕ್ಕೂ ಕಾಲಕ್ಕೂ ತಕ್ಕಂತೆ ದರ ಬದಲಾಗುವುದರಿಂದ ಹೊರಡುವ ಮುನ್ನ ಹೊಸ ದರವನ್ನು ನೋಡಲೇಬೇಕು. ಲೆಕ್ಕದ ರೀತಿ ತಿಳಿಯಲೆಂದು ಅದನ್ನೇ ಇಟ್ಟುಕೊಂಡು ಒಂದು ಉದಾಹರಣೆ ಕೊಡುತ್ತೇವೆ. ಹನ್ನೆರಡು ಮಕ್ಕಳು, ಮೂವರು ಹಿರಿಯರು, ಒಟ್ಟು ಹದಿನೈದು ಜನ. ಟಿಕೇಟಿಗೆ 22,335 ರೂಪಾಯಿ. ವ್ಯಾನಿನ ಬಾಡಿಗೆ 7,000 ಎಂದು ಇಟ್ಟುಕೊಳ್ಳೋಣ. ಬೆಳಗಿನ ತಿಂಡಿ, ಸಂಜೆಯ ಕಾಫಿಗೆ ತಲೆಗೆ ನೂರರಂತೆ 1,500. ಒಳಗಿನ ಊಟಕ್ಕೆ ತಲೆಗೆ ಮುನ್ನೂರರಂತೆ 4,500. ನೀರಾಟದ ಬಟ್ಟೆ, ಸಾಮಾನಿಡುವ ಲಾಕರು, ಇವಕ್ಕೆ ತಲೆಗೆ ನೂರೈವತ್ತರಂತೆ 2,250. ಇಷ್ಟೂ ಸೇರಿ 37,585 ಆಯಿತು. ಔಷಧ, ಆಕಸ್ಮಿಕಗಳಿಗೆಂದು 1,415 ಸೇರಿಸಿ 39,000 ಎನ್ನೋಣ. ಹದಿನೈದರಿಂದ ಭಾಗಿಸಿದರೆ ತಲೆಗೆ 2,600.

ಇಲ್ಲಿ ಒಂದು ಸೂಕ್ಷ್ಮವಿದೆ. ಹಿರಿಯರ ಖರ್ಚನ್ನು ಮಕ್ಕಳ ಮೇಲೆಯೇ ಹಂಚಿದರೆ ಒಬ್ಬೊಬ್ಬರಿಗೆ 3,250 ಬೀಳುತ್ತದೆ. ಅಂದರೆ 650 ರೂಪಾಯಿ ಹೆಚ್ಚು. ಎರಡು ಮಕ್ಕಳಿರುವ ಮನೆಗೆ ಇದೊಂದರಿಂದಲೇ 1,300 ರೂಪಾಯಿಯ ಹೊರೆ. ಜೊತೆಗೆ ಹೋಗುವ ಹಿರಿಯರು ತಮ್ಮ ಪಾಲನ್ನು ತಾವೇ ಕೊಡುವುದು, ಇಲ್ಲವೆ ಸಂಘವು ಅದನ್ನು ವಹಿಸುವುದು ನ್ಯಾಯ. ಇದನ್ನು ಮೊದಲೇ ನಿಶ್ಚಯಿಸಿಕೊಳ್ಳತಕ್ಕದ್ದು.

ಇನ್ನು ಖರ್ಚನ್ನು ಇಳಿಸುವ ಮಾರ್ಗಗಳು. ಗುಂಪಾಗಿ ಬರುವವರಿಗೂ ವಿದ್ಯಾರ್ಥಿಗಳಿಗೂ ಪಾರ್ಕಿನವರು ಆಗಾಗ ರಿಯಾಯಿತಿ ಕೊಡುವುದುಂಟು. ಶಾಲೆಯ ಗುರುತಿನ ಚೀಟಿ ಜೊತೆಗಿರಲಿ, ಸಂಘದ ಹೆಸರಿನಲ್ಲಿ ಪತ್ರ ಬರೆದು ಮೊದಲೇ ಕೇಳಲಿ. ಹತ್ತಕ್ಕೊಂದು ಪಾಲು ಕಡಿಮೆಯಾದರೂ ತಲೆಗೆ ಸುಮಾರು ನೂರೈವತ್ತು ರೂಪಾಯಿ ಉಳಿಯಿತು. ವಂಡರ್‌ಲಾದಲ್ಲಿ ಮಕ್ಕಳ ಟಿಕೇಟನ್ನು ನಿರ್ಧರಿಸುವುದು ವಯಸ್ಸಿನಿಂದಲ್ಲ, ಎತ್ತರದಿಂದ. 140 ಸೆಂಟಿಮೀಟರ್ ಮೀರದವರಿಗೆ ಮಕ್ಕಳ ದರ. ಹದಿಮೂರರ ಕುಳ್ಳ ಹುಡುಗನಿಗೆ ದೊಡ್ಡವರ ಟಿಕೇಟು ಕೊಳ್ಳುವ ಮೊದಲು ಮನೆಯ ಗೋಡೆಗೆ ನಿಲ್ಲಿಸಿ ಅಳೆದುನೋಡಿ. ನೀರಾಟಗಳಿಗೆ ಹತ್ತಿಯ ಬಟ್ಟೆ ಸಲ್ಲದು, ನೈಲಾನ್ ಅಥವಾ ಪಾಲಿಯೆಸ್ಟರ್ ಬೇಕು. ಒಂದು ದಿನಕ್ಕಾಗಿ ಹೊಸದು ಕೊಳ್ಳುವ ಬದಲು ಮನೆಗಳೊಳಗೆ ಎರವಲು ಕೊಟ್ಟು ತೆಗೆದುಕೊಳ್ಳಬಹುದು. ಹೊರಗಿನ ತಿಂಡಿಯನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಇಡ್ಲಿ ಚಟ್ನಿಪುಡಿಯನ್ನು ದಾರಿಯಲ್ಲಿಯೇ ಮುಗಿಸಿ. ಎಣ್ಣೆಯ ಪೂರಿ ಬೇಡ, ತಲೆಕೆಳಗಾಗಿ ತಿರುಗುವ ಹೊಟ್ಟೆಗೆ ಅದು ಒಗ್ಗದು. ಸಂಜೆಗೆ ವ್ಯಾನಿನಲ್ಲಿ ಪುಳಿಯೋಗರೆಯ ಡಬ್ಬವೊಂದಿದ್ದರೆ ಹಿಂದಿರುಗುವಾಗ ಹೋಟೆಲಿನ ಖರ್ಚಿಲ್ಲ.

ಬಸ್ಸಿನಲ್ಲಿ ಹೋದರೆ ಖರ್ಚು ಇನ್ನೂ ಇಳಿಯುತ್ತದೆ. ಹಳೆಯ ಮಹಾಬಲಿಪುರ ರಸ್ತೆಯಲ್ಲಿ ತಿರುಪ್ಪೋರೂರಿನವರೆಗೆ ನಗರ ಸಾರಿಗೆಯ ಬಸ್ಸುಗಳುಂಟು, ಅಲ್ಲಿಂದ ಆಟೋ. ಹೆಂಗಸರಿಗೂ ಹುಡುಗಿಯರಿಗೂ ಸಾಧಾರಣ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ತಮಿಳುನಾಡು ಸರ್ಕಾರ 2021ರ ಮೇ ತಿಂಗಳಲ್ಲಿ ಆರಂಭಿಸಿತು. ಆದರೆ ದಿನವೆಲ್ಲ ನೀರಿನಲ್ಲಿ ಆಡಿ ದಣಿದ ಹನ್ನೆರಡು ಮಕ್ಕಳನ್ನು ಸಂಜೆಯ ನೂಕುನುಗ್ಗಲಿನಲ್ಲಿ ಎಣಿಸಿ ಹತ್ತಿಸುವುದು ಸುಲಭವಲ್ಲ. ಗುಂಪು ಚಿಕ್ಕದಾದರೆ ಬಸ್ಸು, ದೊಡ್ಡದಾದರೆ ವ್ಯಾನು ಎಂಬುದು ನಮ್ಮ ಅಭಿಪ್ರಾಯ.

ದಿನವನ್ನು ಆರಿಸುವುದರಲ್ಲಿಯೂ ವಿವೇಚನೆ ಬೇಕು. ಮೇ ತಿಂಗಳ ಕತ್ತಿರಿ ಬಿಸಿಲು ಮಕ್ಕಳನ್ನು ಬಾಡಿಸುತ್ತದೆ. ಕಾಣುಂ ಪೊಂಗಲಿನ ದಿನ ಊರಿಗೆ ಊರೇ ಹೊರಗೆ ಬಂದಿರುವುದರಿಂದ ಸಾಲಿನಲ್ಲಿ ನಿಲ್ಲುವುದೇ ಆಟವಾದೀತು. ನವೆಂಬರಿನಲ್ಲಿ ಮಳೆಯ ಭಯ. ಕಾಲುವಾರ್ಷಿಕ ಪರೀಕ್ಷೆಯ ನಂತರದ ರಜೆಯಲ್ಲಿ ಒಂದು ಮಂಗಳವಾರವೋ ಬುಧವಾರವೋ ಒಳ್ಳೆಯದು. ಕೊಟ್ಟ ಹಣಕ್ಕೆ ಆಟಗಳೂ ಹೆಚ್ಚು ಸಿಕ್ಕುತ್ತವೆ.

ಈಗ ಮುಖ್ಯವಾದ ಮಾತು. ಹಣವನ್ನು ಹೇಗೆ ಕೂಡಿಸಬೇಕು? ಮೊದಲನೆಯದಾಗಿ, ಎಲ್ಲ ಸೇರಿದ ಒಂದೇ ಮೊತ್ತವನ್ನು ಪ್ರಕಟಿಸಿ. ‘ಟಿಕೇಟು ಇಷ್ಟು, ಉಳಿದದ್ದು ಆಮೇಲೆ ನೋಡೋಣ’ ಎಂದರೆ ಇಲ್ಲದವರಿಗೆ ಎದೆ ಡವಗುಟ್ಟುತ್ತದೆ. ಎರಡನೆಯದಾಗಿ, ಮೂರು ತಿಂಗಳ ಮುಂಚೆಯೇ ತಿಳಿಸಿ ಕಂತಿನಲ್ಲಿ ಕೊಡಲು ಅವಕಾಶವಿರಲಿ. 2,600 ಒಮ್ಮೆಗೇ ಭಾರವಾದೀತು, ತಿಂಗಳಿಗೆ ಒಂಬೈನೂರಕ್ಕಿಂತ ಕಡಿಮೆಯೆಂದರೆ ಅನೇಕರು ಹೊಂದಿಸಬಲ್ಲರು. ಮೂರನೆಯದಾಗಿ, ಕೈಖರ್ಚಿಗೆ ಮಿತಿ ಹಾಕಿ. ಎಲ್ಲರೂ ನೂರು ರೂಪಾಯಿ ಮಾತ್ರ ತರತಕ್ಕದ್ದೆಂದರೆ ನೂರೇ. ಉಳ್ಳವರ ಮಗಳು ಸಾವಿರ ತಂದು ಐಸ್‌ಕ್ರೀಮು ಹಂಚಿದರೆ ಅದು ಔದಾರ್ಯವಾಗಿ ಕಾಣಬಹುದು. ಇಸಕೊಂಡವರಿಗೆ ಆ ಸಿಹಿ ಗಂಟಲಲ್ಲಿ ಇಳಿಯದು. ನಾಲ್ಕನೆಯದಾಗಿ, ಕೊಡಲಾರದ ಮನೆಯ ಪಾಲನ್ನು ತುಂಬುವ ಕೆಲಸ ಒಬ್ಬರಿಗೇ ತಿಳಿದಿರಲಿ. ಹಣವನ್ನೆಲ್ಲ ಒಬ್ಬ ಹಿರಿಯರೇ ವಸೂಲು ಮಾಡಲಿ, ಯಾರು ಎಷ್ಟು ಕೊಟ್ಟರೆಂಬ ಪಟ್ಟಿಯನ್ನು ಮಕ್ಕಳ ವಾಟ್ಸಾಪು ಗುಂಪಿನಲ್ಲಿ ಹಾಕುವುದು ಬೇಡವೇ ಬೇಡ. ‘ಬಡ ಮಕ್ಕಳಿಗೆ ನೆರವು’ ಎಂದು ವೇದಿಕೆಯ ಮೇಲೆ ಹೇಳುವ ಸಂಘಕ್ಕಿಂತ ಸದ್ದಿಲ್ಲದೆ ಎರಡು ಟಿಕೇಟು ಕೊಳ್ಳುವ ಸಂಘ ದೊಡ್ಡದು.

ಖರ್ಚಿನ ಲೆಕ್ಕವನ್ನು ಮಾತ್ರ ಮಕ್ಕಳ ಕೈಗೇ ಕೊಡಿ. ವ್ಯಾನಿನವರನ್ನು ವಿಚಾರಿಸುವುದು, ದರ ಹೋಲಿಸುವುದು, ರಶೀದಿ ಅಂಟಿಸಿಡುವುದು, ಇವನ್ನೆಲ್ಲ ಹದಿನೈದರವರು ಚೆನ್ನಾಗಿ ಮಾಡಬಲ್ಲರು. ಹಣ ಎಲ್ಲಿಗೆ ಹೋಗುತ್ತದೆಂದು ಒಮ್ಮೆ ಕಣ್ಣಾರೆ ಕಂಡವರು ಮನೆಯಲ್ಲಿ ಬೇಡಿಕೆ ಇಡುವಾಗಲೂ ಒಂದು ಕ್ಷಣ ಯೋಚಿಸುತ್ತಾರೆ.

ಕ್ಷೇಮದ ವಿಷಯದಲ್ಲಿ ಮಾತ್ರ ಉಳಿತಾಯ ಸಲ್ಲದು. 2025ರ ಮೇ ತಿಂಗಳಲ್ಲಿ ಪೂರ್ವ ಕರಾವಳಿ ರಸ್ತೆಯ ಒಂದು ಪಾರ್ಕಿನಲ್ಲಿ ಆಟದ ಯಂತ್ರ ಎತ್ತರದಲ್ಲಿಯೇ ನಿಂತುಬಿಟ್ಟು, ಮೇಲಿದ್ದವರನ್ನು ಅಗ್ನಿಶಾಮಕ ದಳದವರು ಇಳಿಸಬೇಕಾಯಿತು. ಹೆದರಿ ಮನೆಯಲ್ಲಿ ಕೂರಬೇಕೆಂದಲ್ಲ. ಪ್ರತಿಯೊಂದು ಆಟದ ಬಳಿ ಬರೆದಿರುವ ನಿಯಮವನ್ನು ಓದಬೇಕು, ಉದ್ದ ಕೂದಲನ್ನು ಕಟ್ಟಬೇಕು, ದುಪಟ್ಟಾ ತೆಗೆದಿಡಬೇಕು. ಮೂರ್ಛೆರೋಗ, ಆಸ್ತಮಾ, ಹೃದಯದ ತೊಂದರೆ ಇರುವ ಮಗುವಿನ ವಿಷಯವನ್ನು ತಂದೆತಾಯಿಯರು ಜೊತೆಗೆ ಹೋಗುವವರಿಗೆ ಮುಚ್ಚಿಡಬಾರದು. ಹಿರಿಯರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ನೀರಾಟಕ್ಕೆ ಅನುಕೂಲವಿಲ್ಲದ ದಿನವಾದರೆ ಹೇಳಿಕೊಳ್ಳಲು ಹುಡುಗಿಯರಿಗೆ ಒಬ್ಬರು ಬೇಕಲ್ಲವೆ? ‘ನನಗೆ ಭಯ, ನಾನು ಹತ್ತೋದಿಲ್ಲ’ ಎಂದವನನ್ನು ಯಾರೂ ಗೇಲಿ ಮಾಡಕೂಡದೆಂದು ಹೊರಡುವ ಮೊದಲೇ ಹೇಳಿರಬೇಕು.

ಇಷ್ಟೆಲ್ಲ ಮಾಡಿಯೂ 2,600 ರೂಪಾಯಿ ಹಲವು ಮನೆಗಳಿಗೆ ಹೆಚ್ಚೆಂದು ತೋರಿದರೆ ಜಾಗವನ್ನೇ ಬದಲಿಸಿ, ಮಕ್ಕಳನ್ನು ಕಡಿಮೆ ಮಾಡಬೇಡಿ. ಪೊಂಗಲ್ ಸುಮಾರಿಗೆ ಐಲೆಂಡ್ ಗ್ರೌಂಡ್ಸಿನಲ್ಲಿ ನಡೆಯುವ ಪ್ರವಾಸೋದ್ಯಮ ವಸ್ತುಪ್ರದರ್ಶನಕ್ಕೆ ಒಂದು ಸಂಜೆ ಹೋದರೆ ದೊಡ್ಡ ತೊಟ್ಟಿಲು, ಹಪ್ಪಳ, ಮೆಣಸಿನಕಾಯಿ ಬಜ್ಜಿ, ಎಲ್ಲವೂ ಉಂಟು. ಅಲ್ಲಿ ಜಾತ್ರೆಯಂತೆ ಆಟಕ್ಕೊಂದು ಟಿಕೇಟು. ಎಲ್ಲರೂ ಇಂತಿಷ್ಟೇ ಆಟವೆಂದು ಗೊತ್ತುಮಾಡಿಕೊಂಡರಾಯಿತು. ಮುಟ್ಟುಕಾಡಿನಲ್ಲಿ 1996ರಿಂದ ಇರುವ ದಕ್ಷಿಣಚಿತ್ರವೂ ಒಂದು ದಿನಕ್ಕೆ ಯೋಗ್ಯವಾದ ಸ್ಥಳ. ಮಂಗಳವಾರ ಅದಕ್ಕೆ ರಜೆ. ದಕ್ಷಿಣದ ನಾಲ್ಕು ನಾಡುಗಳ ಹಳೆಯ ಮನೆಗಳ ನಡುವೆ ಇಳಕಲ್ಲಿನ ನೇಕಾರರ ಮನೆಯೂ ಅಲ್ಲಿದೆ. ಮ್ಯೂಸಿಯಂ ಎಂದರೆ ಮೂಗು ಮುರಿಯುವ ಮಕ್ಕಳೂ ಓರಗೆಯವರ ಗುಂಪಿನಲ್ಲಿ ಹೋದರೆ ನಗುನಗುತ್ತಲೇ ಬರುತ್ತಾರೆ, ಹತ್ತಿರದಲ್ಲಿಯೇ ಕಡಲಿದೆ.

ಇಪ್ಪತ್ತು ವರ್ಷಗಳ ಮೇಲೆ ಈ ಮಕ್ಕಳು ಬೆಂಗಳೂರಿನಲ್ಲಿಯೋ ಬೋಸ್ಟನ್ನಿನಲ್ಲಿಯೋ ಇರುವಾಗ ಯಾವ ಯಂತ್ರ ಎಷ್ಟು ಎತ್ತರ ಹೋಗಿತ್ತೆಂಬುದು ಅವರಿಗೆ ನೆನಪಿರಲಿಕ್ಕಿಲ್ಲ. ಯಾರು ಯಾರು ಬಂದಿದ್ದರೆಂಬುದು ನೆನಪಿರುತ್ತದೆ. ಸಂಘದ ಮಕ್ಕಳೆಲ್ಲರ ಹೆಸರೂ ಆ ನೆನಪಿನಲ್ಲಿರುವಂತೆ ಈ ವರ್ಷದ ಲೆಕ್ಕವನ್ನು ಹಾಕೋಣ. ರಜೆ ಸುಖವಾಗಿ ಕಳೆಯಲಿ.