ಹುಲಿ ಎಣಿಸುವ ಕಾಡಿನಲ್ಲಿ ಹುಳಗಳಿಗೂ ಲೆಕ್ಕವಿರಲಿ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ, ಜೀವಿಶಾಸ್ತ್ರ ಮತ್ತು ಪರಿಸರ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಸನ್ಮಾನ್ಯರೇ,

ಕರ್ನಾಟಕದ ಕಾಡುಗಳಲ್ಲಿ 563 ಹುಲಿಗಳಿವೆ ಎಂದು 2022ರ ಗಣತಿ ತಿಳಿಸಿತು. ಆ ಒಂದು ಅಂಕಿಗಾಗಿ ಅರಣ್ಯ ರಕ್ಷಕರು, ವಾಚರ್‌ಗಳು ಎಷ್ಟು ಬೆವರು ಸುರಿಸುತ್ತಾರೆ ಎಂಬುದು ಕಾಡಿನಂಚಿನಲ್ಲಿ ಬದುಕುವ ನಮಗೆ ಗೊತ್ತಿದೆ. ಅದೇ ಕಾಡಿನ ನೆಲದಲ್ಲಿ, ತೊಗಟೆಯ ಬಿರುಕಿನಲ್ಲಿ, ಎಲೆಯಡಿಯಲ್ಲಿ ಇರುವ ಕೀಟ, ಜೇಡಗಳ ಲೆಕ್ಕ ಇಡುವವರು ಯಾರು? ಬಿಡಿಬಿಡಿಯಾಗಿ ಹಲವರು ದುಡಿದಿದ್ದಾರೆ. ಒಬ್ಬ ಸಂಶೋಧನಾ ವಿದ್ಯಾರ್ಥಿ ಬರುತ್ತಾನೆ, ಕೆಲವು ವರ್ಷ ಇರುವೆಗಳ ಹಿಂದೆ ಬೀಳುತ್ತಾನೆ, ಪದವಿ ಸಿಕ್ಕ ಮೇಲೆ ಹೊರಟುಹೋಗುತ್ತಾನೆ. ಸೀಸೆಗಳು ಒಂದೂರಲ್ಲಿ, ಟಿಪ್ಪಣಿ ಪುಸ್ತಕ ಇನ್ನೊಂದೂರಲ್ಲಿ. ಒಂದೇ ಜಾಗದಲ್ಲಿ, ಒಂದೇ ವಿಧಾನದಲ್ಲಿ, ವರ್ಷ ವರ್ಷವೂ ಬಿಡದೆ ನಡೆಯುವ ದಾಖಲಾತಿ ಮಲೆನಾಡಿಗೆ ಬೇಕು. ಅದನ್ನು ಆಗುಂಬೆ ಸೀಮೆಯಲ್ಲಿ ಸರ್ಕಾರ ತನ್ನ ಖರ್ಚಿನಲ್ಲಿ ಆರಂಭಿಸಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಇದನ್ನು ಹವ್ಯಾಸಿಗಳ ಬಯಕೆ ಎಂದು ದಯವಿಟ್ಟು ಬದಿಗಿಡಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ರೋಗ ಹರಡುತ್ತಿದ್ದದ್ದು ಉಣುಗು ಎಂದು ತಿಳಿಯಿತು. ಉಣುಗು ಕೀಟವಲ್ಲ, ಎಂಟು ಕಾಲಿನದು, ಜೇಡ ಚೇಳುಗಳ ಬಳಗಕ್ಕೆ ಸೇರಿದ್ದು. ಮುಖ್ಯ ಅಪರಾಧಿಯಾದ ಹೆಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗನ್ನು 1897ರಲ್ಲೇ ಒಬ್ಬರು ವಿವರಿಸಿ ಹೆಸರಿಟ್ಟಿದ್ದರು. ರೋಗ ಕಾಣುವ 60 ವರ್ಷ ಮೊದಲು, ಯಾವ ಲಾಭವನ್ನೂ ಎಣಿಸದೆ ಮಾಡಿಟ್ಟ ಕೆಲಸ ಅದು.

ಹೆಸರೊಂದೇ ಸಾಲುತ್ತಿರಲಿಲ್ಲ. ಸಾಗರದಲ್ಲಿ ಕ್ಷೇತ್ರ ಕೇಂದ್ರ ತೆರೆದು ವರ್ಷಗಟ್ಟಲೆ ಉಣುಗು ಹಿಡಿದರು. ಹಿಡಿಯುವ ರೀತಿ ಇಂದಿಗೂ ಅದೇ. ಬಿಳಿ ಫ್ಲಾನೆಲ್ ಬಟ್ಟೆಯನ್ನು ದರಕಿನ ಮೇಲೆ ನಿಧಾನವಾಗಿ ಎಳೆಯಬೇಕು, ಆಗಾಗ ನಿಂತು ಮಗುಚಿ ನೋಡಬೇಕು. ಬಟ್ಟೆಗೆ ಹತ್ತಿದ ಮರಿ ಉಣುಗು ಗಸಗಸೆ ಕಾಳಿನಷ್ಟಿರುತ್ತದೆ. ಅದನ್ನು ಚಿಮುಟದಿಂದ ಬಿಡಿಸಿ ಸೀಸೆಗೆ ಹಾಕಿ ಜಾಗ, ದಿನಾಂಕ ಬರೆಯಬೇಕು. ಆ ಕಾಡುಗಳಲ್ಲಿ ನಡೆದ ಇಂಥ ದುಡಿಮೆಯಿಂದಲೇ ಹೆಮಾಫೈಸಾಲಿಸ್ ಕ್ಯಾಸನೂರೆನ್ಸಿಸ್ ಎಂಬ ಹೊಸ ಪ್ರಭೇದಕ್ಕೆ 1964ರಲ್ಲಿ ಹೆಸರು ಬಂತು. ಮಳೆಗಾಲ ಮುಗಿದ ಮೇಲೆ ಮರಿಗಳು ಯಾವಾಗ ಹೆಚ್ಚುತ್ತವೆ, ಯಾವ ಹಂತದವು ಮನುಷ್ಯರನ್ನು ಕಚ್ಚುತ್ತವೆ, ದೊಡ್ಡವು ದನಕರುಗಳ ಮೈಯಲ್ಲಿ ಹೇಗೆ ಬೆಳೆಯುತ್ತವೆ ಎಂಬುದೆಲ್ಲ ಹೀಗೇ ತಿಳಿದದ್ದು. ಬೇಸಿಗೆ ಮುಗಿಯುವ ತನಕ ದರಕು ಗುಡಿಸಲು ಹೋಗುವಾಗ ಡೆಪಾ ತೈಲ ಹಚ್ಚಿಕೊಳ್ಳಿ ಎಂದು ಆರೋಗ್ಯ ಇಲಾಖೆ ಇಂದು ಹಳ್ಳಿಹಳ್ಳಿಯಲ್ಲಿ ಸಾರುವ ಮಾತಿಗೆ ಆ ಸೀಸೆಗಳೇ ಆಧಾರ. 2012ರ ಹೊತ್ತಿಗೆ ಮಂಗನ ಕಾಯಿಲೆ ಬಂಡೀಪುರದಲ್ಲಿ ಕಾಣಿಸಿತು, ಆಮೇಲೆ ವಯನಾಡು, ಗೋವಾ, ಸಿಂಧುದುರ್ಗ. ಸಾಗರದಲ್ಲಿ ನಡೆದಂಥ ಕೆಲಸ ಘಟ್ಟದ ಉದ್ದಕ್ಕೂ ನಿಲ್ಲದೆ ನಡೆದಿದ್ದರೆ, ಎಲ್ಲಿ ಏನು ಬದಲಾಯಿತು ಎಂದು ಹೋಲಿಸಿ ನೋಡಬಹುದಿತ್ತು.

ಹೋಲಿಸಲು ಹಳೆಯ ಲೆಕ್ಕ ಇದ್ದರೆ ಏನಾಗುತ್ತದೆ ಎಂಬುದನ್ನು ಜರ್ಮನಿಯ ಕ್ರೆಫೆಲ್ಡ್ ಊರಿನ ಕೀಟಾಸಕ್ತರ ಸಂಘ ತೋರಿಸಿಕೊಟ್ಟಿತು. 1989ರಿಂದ ಅವರು ಸಂರಕ್ಷಿತ ಪ್ರದೇಶಗಳಲ್ಲಿ ಒಂದೇ ಅಳತೆಯ ಮಲೇಸ್ ಬಲೆಗಳನ್ನು ಕಟ್ಟಿ, ಬಿದ್ದ ಹುಳಗಳನ್ನು ತೂಗಿ, ಸೀಸೆಗಳನ್ನು ಎಸೆಯದೆ ಇಟ್ಟುಕೊಂಡಿದ್ದರು. 2017ರಲ್ಲಿ ಆ ತೂಕಗಳನ್ನು ಒಟ್ಟಿಗೆ ನೋಡಿದಾಗ 27 ವರ್ಷಗಳಲ್ಲಿ ಹಾರುವ ಕೀಟಗಳ ಒಟ್ಟು ತೂಕ ಮುಕ್ಕಾಲು ಪಾಲಿಗೂ ಹೆಚ್ಚು ಕುಸಿದದ್ದು ಕಂಡಿತು. ಜಗತ್ತೇ ಬೆಚ್ಚಿತು. ಆಗುಂಬೆಯಲ್ಲಿ ಹೀಗೇ ಆಗಿದೆಯೆ? ದೀಪಕ್ಕೆ ಮುತ್ತುವ ಹುಳ ಮೊದಲಿನಷ್ಟಿಲ್ಲ, ಮಿಂಚುಹುಳ ಕಡಿಮೆಯಾಗಿವೆ ಎಂದು ನಮ್ಮೂರ ಹಿರಿಯರು ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಅನ್ನಿಸಿಕೆಯನ್ನು ಇಟ್ಟುಕೊಂಡು ಯಾವ ಯೋಜನೆಯನ್ನೂ ತಡೆಯಲಾಗದು, ಯಾವ ಕಾಡನ್ನೂ ಉಳಿಸಲಾಗದು.

ಆಗುಂಬೆಯೇ ಏಕೆ ಎಂದು ತಾವು ಕೇಳಬಹುದು. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ನೆಲ, ಘಟ್ಟದ ತುದಿಯಿಂದ ಸೋಮೇಶ್ವರದ ತಪ್ಪಲಿನವರೆಗೆ ಇಳಿಯುವ ಕಾಡು. ರೋಮುಲಸ್ ವಿಟೇಕರ್ 2005ರಲ್ಲಿ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದಾಗ ಕಾಳಿಂಗ ಸರ್ಪದ ಹಿಂದೆ ಇಷ್ಟು ವರ್ಷ ಜನ ಅಲೆಯಬಹುದೆಂದು ಎಷ್ಟು ಮಂದಿ ನಂಬಿದ್ದರೋ. ಅಷ್ಟು ದೊಡ್ಡ, ಊರೂರಿಗೆ ಪರಿಚಯವಿರುವ ಹಾವು ಏಷ್ಯಾದ ಉಳಿದ ಕಾಳಿಂಗಗಳಿಗಿಂತ ಬೇರೆಯದೇ ಪ್ರಭೇದ ಎಂದು ವಿಜ್ಞಾನ ಒಪ್ಪಿ, ಒಫಿಯೋಫೇಗಸ್ ಕಾಳಿಂಗ ಎಂಬ ಹೆಸರು ಬಂದದ್ದು 2024ರಲ್ಲಿ. ಹತ್ತು ಹನ್ನೆರಡು ಅಡಿಯ ಹಾವಿನ ಗತಿಯೇ ಹೀಗಾದರೆ ಎರಡು ಮಿಲಿಮೀಟರಿನ ಕಣಜದ ಮಾತೇನು? ಮೂಡಿಗೆರೆ ತಾಲ್ಲೂಕಿನಲ್ಲಿ ಈಚೆಗೆ ಸಿಕ್ಕ ಜಿಗಿಯುವ ಜೇಡಕ್ಕೆ ಪಿಲಿಯಾ ಮಲೆನಾಡು ಎಂದು ಹೆಸರಿಟ್ಟಿದ್ದಾರೆ. ಅದು ಸಿಕ್ಕಿದ್ದು ಪೊದೆಯೊಳಗೆ ಕಣ್ಣಿಟ್ಟು ನೋಡುವ ತಾಳ್ಮೆ ಇದ್ದವರಿಗೆ.

ಕೆಲಸ ಹೇಗಿರುತ್ತದೆ ಎಂದು ತಮಗೆ ಹೇಳಬೇಕು. ಅಮಾವಾಸ್ಯೆಯ ಆಸುಪಾಸಿನ ರಾತ್ರಿ ಎರಡು ಮರಗಳ ನಡುವೆ ಬಿಳಿ ಬಟ್ಟೆ ಕಟ್ಟಿ ಎದುರಿಗೆ ದೀಪ ಹಚ್ಚುತ್ತಾರೆ. ಮೊದಲು ಸಣ್ಣ ನೊಣ, ಜಿಗಿಹುಳ ಬರುತ್ತವೆ, ಆಮೇಲೆ ಪತಂಗ, ನಡುರಾತ್ರಿ ದಾಟಿದ ಮೇಲೆ ಅಂಗೈಯಗಲದ ರೇಷ್ಮೆ ಪತಂಗ. ಬಟ್ಟೆಯ ಅಂಚಿನಲ್ಲಿ ಜೇಡಗಳು ಕಾದು ಕೂತಿರುತ್ತವೆ. ಫೋಟೊ ಸಾಲದೆ ಎಂದು ಕೇಳುವವರಿದ್ದಾರೆ. ದೊಡ್ಡ ಚಿಟ್ಟೆಗಳಿಗೆ ಸಾಕು. ಸಣ್ಣ ಪತಂಗ, ದುಂಬಿ, ಜೇಡಗಳಲ್ಲಿ ಪ್ರಭೇದ ತೀರ್ಮಾನವಾಗುವುದು ಸೂಕ್ಷ್ಮದರ್ಶಕದಡಿ ಜನನಾಂಗದ ರಚನೆ ನೋಡಿದ ಮೇಲೆ. ಹಾಗಾಗಿ ಕೆಲವನ್ನು ಮಾದರಿಯಾಗಿ ಇಟ್ಟುಕೊಳ್ಳಲೇಬೇಕು. ಸೂಜಿಯ ಕೆಳಗೆ ಬೆರಳ ಉಗುರಿನಗಲದ ಚೀಟಿ: ಊರು, ಎತ್ತರ, ದಿನಾಂಕ, ಹಿಡಿದ ವಿಧಾನ, ಹಿಡಿದವರ ಹೆಸರು. ಚೀಟಿ ಕಳೆದುಹೋದರೆ ಆ ಮಾದರಿಯಿಂದ ವಿಜ್ಞಾನಕ್ಕೆ ಉಪಯೋಗವಿಲ್ಲ.

ಆಗುಂಬೆಯ ಮಳೆಗಾಲದಲ್ಲಿ ಆ ಪೆಟ್ಟಿಗೆಗಳಿಗೆ ಬೂಷ್ಟು ಹಿಡಿಯುತ್ತದೆ. ತೇವ ಹೀರುವ ಯಂತ್ರ ಬೇಕು, ಅದಕ್ಕೆ ನಿಲ್ಲದ ವಿದ್ಯುತ್ ಬೇಕು. ಜೇಡ, ಉಣುಗುಗಳನ್ನು ಇಡಲು ಶುದ್ಧ ಮದ್ಯಸಾರ ಬೇಕು, ಅದಕ್ಕೆ ಅಬಕಾರಿ ಇಲಾಖೆಯ ಪರವಾನಗಿ ಬೇಕು. ಅಭಯಾರಣ್ಯದೊಳಗೆ ಅಧ್ಯಯನ ಮಾಡಲು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಕಾನೂನು ಇರಬೇಕಾದ್ದೇ. ನಮ್ಮ ದುಂಬಿ, ಜೇಡಗಳನ್ನು ಕದ್ದು ಮಾರುವವರೂ ಇದ್ದಾರೆ. ಮರದ ಮೇಲೆ ವಾಸಿಸುವ ಪೊಯಿಸಿಲೊಥೀರಿಯಾ ಜೇಡಗಳನ್ನು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಗೆ 2019ರಲ್ಲಿ ಸೇರಿಸಬೇಕಾಗಿ ಬಂತು. ಆದರೆ ಸರ್ಕಾರವೇ ನಡೆಸುವ ದಾಖಲಾತಿಯ ಅನುಮತಿಗಾಗಿ ಪ್ರತಿ ವರ್ಷ ಹೊಸದಾಗಿ ಅಲೆಯುವಂತಿರಬಾರದು. ಹತ್ತು ವರ್ಷಕ್ಕೆ ಒಂದೇ ಬಾರಿ ಕೊಡಿ, ವರ್ಷಕ್ಕೊಮ್ಮೆ ಲೆಕ್ಕ ಕೇಳಿ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಕೆಲಸ ಮಾಡುವ ಜನ. ಕೋಸ್ಟರಿಕಾದ ಗ್ವಾನಕಾಸ್ಟೆಯಲ್ಲಿ ಡೇನಿಯಲ್ ಜಾನ್ಜೆನ್ ಮತ್ತು ವಿನಿ ಹಾಲ್‌ವಾಕ್ಸ್ ದಂಪತಿ ಸುತ್ತಲಿನ ಹಳ್ಳಿಗಳವರಿಗೇ ತರಬೇತಿ ಕೊಟ್ಟರು, ಸಂಬಳ ಕೊಟ್ಟರು. ಅವರು ಕಂಬಳಿಹುಳಗಳನ್ನು ತಂದು, ಯಾವ ಗಿಡದ ಎಲೆ ತಿನ್ನುತ್ತದೆ ಎಂದು ಬರೆದು, ಚಿಟ್ಟೆ ಹೊರಬರುವವರೆಗೆ ಸಾಕಿದರು. ಒಂದೇ ಎಂದು ಎಲ್ಲರೂ ತಿಳಿದಿದ್ದ ಅಸ್ಟ್ರಾಪ್ಟಿಸ್ ಫಲ್ಜೆರೇಟರ್ ಎಂಬ ಚಿಟ್ಟೆ ವಾಸ್ತವದಲ್ಲಿ ಹತ್ತು ಪ್ರಭೇದಗಳ ಗುಂಪು ಎಂದು 2004ರಲ್ಲಿ ಗೊತ್ತಾಯಿತು. ಡಿಎನ್‌ಎ ಪರೀಕ್ಷೆ ಅದನ್ನು ಹೇಳಿತು ನಿಜ, ಆದರೆ ಹುಳದ ಬಣ್ಣ, ಅದು ತಿನ್ನುವ ಗಿಡ ಎರಡನ್ನೂ ಆ ಹಳ್ಳಿಗರು ಬರೆದಿಡದೇ ಇದ್ದಿದ್ದರೆ ಪರೀಕ್ಷೆಯ ಫಲಿತಾಂಶಕ್ಕೆ ಅರ್ಥವೇ ಸಿಗುತ್ತಿರಲಿಲ್ಲ.

ನಮ್ಮಲ್ಲಿ ಅಂಥವರಿಲ್ಲವೆ? ಚಗಳಿಯ ಗೂಡು ಯಾವ ಮರದಲ್ಲಿ ಯಾವ ತಿಂಗಳು ತುಂಬಿರುತ್ತದೆ ಎಂದು ಬಲ್ಲವರು, ತುಡುವೆ ಹೋಗುವ ದಾರಿ ನೋಡಿಯೇ ಪೊಟರೆ ಹುಡುಕುವವರು ಪ್ರತಿ ಊರಿನಲ್ಲೂ ಇದ್ದಾರೆ. ತೋಟ ಮಾಡುವವರಿಗೆ ಬೇರುಹುಳ ಗೊತ್ತು, ಸುಳಿ ತಿಗಣೆ ಗೊತ್ತು. ಬೆಳೆಯ ಪೀಡೆಗಳ ಮೊಟ್ಟೆಯೊಳಗೆ ಮೊಟ್ಟೆಯಿಟ್ಟು ನಮ್ಮನ್ನು ಕಾಯುವ ಸಣ್ಣ ಕಣಜಗಳಿಗೆ ಮಾತ್ರ ಯಾರೂ ಹೆಸರು ಕಲಿಸಿಲ್ಲ. ವನ್ಯಜೀವಿ ವಿಭಾಗದಲ್ಲಿ ಹಂಗಾಮಿ ದಿನಗೂಲಿಗೆ ದುಡಿಯುವ ಯುವಕರು, ಪದವಿ ಮುಗಿಸಿ ಊರಲ್ಲೇ ಉಳಿದ ಯುವತಿಯರು, ಅವರಲ್ಲಿ ಐದಾರು ಜನ ಸಾಕು. ಕಲಿಸಲು ಬೆಂಗಳೂರಿನಲ್ಲೇ ಗುರುಗಳಿದ್ದಾರೆ. ಜಿಗಿಹುಳಗಳ ವರ್ಗೀಕರಣದಲ್ಲಿ ಜಗತ್ತು ಗೌರವಿಸುವ ಸಿ. ಎ. ವಿರಕ್ತಮಠರು ಬೆಳೆಸಿದ್ದು ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಕೀಟ ಸಂಗ್ರಹವನ್ನೇ. ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಹೆಬ್ಬಾಳದಲ್ಲಿದೆ, ಏಟ್ರೀ ಸಂಸ್ಥೆಯ ಕೀಟ ಸಂಗ್ರಹಾಲಯವಿದೆ. ಹೊಸ ಪ್ರಭೇದ ಸಿಕ್ಕರೆ ಮಾದರಿಯನ್ನು ಅಧಿಕೃತ ಭಂಡಾರಕ್ಕೆ ಒಪ್ಪಿಸಬೇಕೆಂದು ಜೀವವೈವಿಧ್ಯ ಕಾಯ್ದೆ 2002 ಹೇಳುತ್ತದೆ. ಒಪ್ಪಿಸಲು ಜಾಗವಿದೆ, ತರುವ ಕೈಗಳಿಗೆ ಸಂಬಳವಿಲ್ಲ.

ವರ್ಗೀಕರಣ ಬಲ್ಲ ಹಿರಿಯರು ನಿವೃತ್ತರಾಗುತ್ತಿದ್ದಾರೆ. ಉಣುಗು, ನುಸಿ, ಸಣ್ಣ ಕಣಜಗಳನ್ನು ಕಣ್ಣಿನಲ್ಲೇ ಗುರುತಿಸುವ ವಿದ್ಯೆ ಪುಸ್ತಕದಿಂದ ಬರುವುದಿಲ್ಲ, ಪಕ್ಕದಲ್ಲಿ ಕೂತು ಕಲಿಯಬೇಕು. ಕಲಿಸುವವರು ಇರುವಾಗಲೇ ಕಲಿಯುವವರನ್ನು ಅವರ ಬಳಿ ಕಳಿಸುವ ಜವಾಬ್ದಾರಿ ಸರ್ಕಾರದ್ದು.

ಮುಂದಿನ ಆಯವ್ಯಯದಲ್ಲಿ ತಮ್ಮ ಇಲಾಖೆಯಡಿ ಆಗುಂಬೆಯ ಕೀಟ ಮತ್ತು ಜೇಡ ದಾಖಲಾತಿಗೆ ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆಯಿರಿ. ಹತ್ತು ವರ್ಷದ ಅನುಮತಿ, ಐದಾರು ಸ್ಥಳೀಯರ ಖಾಯಂ ಸಂಬಳ, ಬೂಷ್ಟು ಹಿಡಿಯದ ಒಂದು ಕೋಣೆ ಕೊಡಿ. ಈ ಮುಂಗಾರಿಗೆ ಮೊದಲು ಅಧಿಕಾರಿಗಳೊಂದಿಗೆ ಒಮ್ಮೆ ಆಗುಂಬೆಗೆ ಬಂದು ಸ್ಥಳ ನೋಡಿ ತೀರ್ಮಾನಿಸಬೇಕೆಂದು ಪ್ರಾರ್ಥಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕ