ಬೆಟ್ಟದ ಟಿಕೆಟ್ ಆನ್‌ಲೈನ್‌ನಲ್ಲಿ ಸಿಗುತ್ತೆ, ಬೆಟ್ಟ ಹತ್ತೋದನ್ನ ಯಾರು ಕಲಿಸ್ತಾರೆ?

2024ರ ಜನವರಿ ಕೊನೆಯ ವಾರ. ಗಣರಾಜ್ಯೋತ್ಸವದ ರಜೆಗೆ ವೀಕೆಂಡ್ ಅಂಟಿಕೊಂಡಿತ್ತು. ಕುಮಾರ ಪರ್ವತದ ಬುಡದಲ್ಲಿ ಸಾವಿರಾರು ಚಾರಣಿಗರು ಜಾತ್ರೆಗೆ ನಿಂತಂತೆ ನಿಂತ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬೇಕು. ಅದರ ಬೆನ್ನಲ್ಲೇ ಅರಣ್ಯ ಸಚಿವ ಈಶ್ವರ ಖಂಡ್ರೆ, ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣಕ್ಕೆ ತಾತ್ಕಾಲಿಕ ತಡೆ ಹಾಕಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣ ಬಂತು. ಒಂದು ಚಾರಣ ಪಥಕ್ಕೆ ದಿನಕ್ಕೆ 300 ಜನ ಮಾತ್ರ ಅನ್ನೋದು ನಿಯಮವಾಯಿತು.

ಕಾಡಿನ ದೃಷ್ಟಿಯಿಂದ ಇದು ಸರಿಯಾದ ಹೆಜ್ಜೆ, ತಕರಾರಿಲ್ಲ. ಆದರೆ ಆ 300 ಜನರಲ್ಲಿ ಎಷ್ಟು ಮಂದಿ ಮೊದಲ ಸಲ ಬೆಟ್ಟ ಹತ್ತುತ್ತಿದ್ದಾರೆ, ಅವರ ಬ್ಯಾಗಿನಲ್ಲಿ ಏನಿದೆ ಅನ್ನೋದನ್ನ ಯಾರೂ ಕೇಳಲ್ಲ.

ಈ ಎರಡು ಘಟನೆಗಳ ನಡುವೆ ಇನ್ನೊಂದು ನಡೆದಿತ್ತು. 2024ರ ಜೂನ್ ಆರಂಭದಲ್ಲಿ ಉತ್ತರಾಖಂಡದ ಸಹಸ್ರ ತಾಲ್‌ಗೆ ಹೋಗಿದ್ದ ಕರ್ನಾಟಕದ 22 ಜನರ ತಂಡ ವಾಪಸ್ ಬರುವಾಗ ಹಿಮಗಾಳಿಗೆ ಸಿಲುಕಿತು. ಒಂಬತ್ತು ಜನ ತೀರಿಕೊಂಡರು. ಉಳಿದವರನ್ನು ಕರೆತರಲು ವಾಯುಪಡೆಯ ಹೆಲಿಕಾಪ್ಟರ್ ಹೋಗಬೇಕಾಯಿತು, ಸಚಿವ ಕೃಷ್ಣ ಬೈರೇಗೌಡ ಡೆಹ್ರಾಡೂನ್‌ಗೆ ಹೋಗಿ ನಿಂತರು. ಆ ತಂಡದಲ್ಲಿ ಹಲವು ಬೆಟ್ಟ ಕಂಡಿದ್ದ ಅನುಭವಿಗಳೂ ಇದ್ದರು. ಹಾಗಾಗಿ ಮನೆಯಲ್ಲಿ ಕೂತು ಅವರ ತಪ್ಪು ಹುಡುಕೋದು ನನ್ನ ಉದ್ದೇಶವಲ್ಲ. ಆದರೆ ಅಲ್ಲಿ ಜೀವ ತೆಗೆದದ್ದು ಪ್ರಪಾತವಲ್ಲ, ಚಳಿ. ಚಳಿ ಹೇಗೆ ಕೊಲ್ಲುತ್ತೆ ಅನ್ನೋದನ್ನ ನಮ್ಮಲ್ಲಿ ಯಾರೂ ಹೇಳಿಕೊಡಲ್ಲ. ‘ಅದು ಹಿಮಾಲಯದ ಸಮಸ್ಯೆ, ನಮ್ಮ ಪಶ್ಚಿಮ ಘಟ್ಟಕ್ಕೆ ಅದೆಲ್ಲ ಇಲ್ಲ’ ಅಂದುಕೊಂಡಿದ್ದೇವೆ.

ನಾನೂ ಹಾಗೇ ಅಂದುಕೊಂಡಿದ್ದೆ. ಸುಮಾರು ಹತ್ತು ವರ್ಷದ ಹಿಂದೆ, ಆಗಸ್ಟ್ ಮಳೆಯಲ್ಲಿ ಕೊಡಚಾದ್ರಿ ಹತ್ತಿದ್ದೆವು. ಐದು ಜನ, ಐದೂ ಜನ ಜೀನ್ಸ್‌ನಲ್ಲಿ. ಮೇಲೆ ಗಾಳಿ ಶುರುವಾದಾಗ ಗೆಳೆಯನೊಬ್ಬ ನಡುಗುತ್ತಿದ್ದ, ನಾವು ಗೇಲಿ ಮಾಡಿದೆವು. ಸ್ವಲ್ಪ ಹೊತ್ತಿಗೆ ಅವನ ಮಾತು ತೊದಲಿತು, ಸಪಾಟಾದ ಜಾಗದಲ್ಲೂ ಎಡವಿದ. ‘ನನಗೇನೂ ಆಗಿಲ್ಲ ಬಿಡ್ರೋ’ ಅಂತಿದ್ದ. ಕೆಳಗಿಂದ ಬಂದ ಜೀಪ್ ಡ್ರೈವರ್ ಒಬ್ಬರು ಅವನ ಒದ್ದೆ ಅಂಗಿ ಬಿಚ್ಚಿಸಿ, ತಮ್ಮ ಕಂಬಳಿ ಹೊದಿಸಿ, ಬಿಸಿ ಬಿಸಿ ಸಕ್ಕರೆ ಚಹಾ ಕುಡಿಸಿದರು. ನಮಗೆ ಬೈದದ್ದನ್ನು ಇಲ್ಲಿ ಬರೆಯಲ್ಲ.

ಆಮೇಲೆ ಓದಿದಾಗ ಗೊತ್ತಾಯಿತು, ಅದಕ್ಕೆ ಹೈಪೋಥರ್ಮಿಯಾ ಅನ್ನುತ್ತಾರೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಬರುವ ಸ್ಥಿತಿ. ಹಿಮವೇ ಬೇಕಿಲ್ಲ. ಒದ್ದೆ ಬಟ್ಟೆ, ಗಾಳಿ, ಖಾಲಿ ಹೊಟ್ಟೆ, ಸುಸ್ತು, ಇಷ್ಟು ಸಾಕು. ಮೊದಲು ನಡುಕ, ಆಮೇಲೆ ತೊದಲು, ಎಡವುವುದು, ಗೊಂದಲ. ಎಲ್ಲಕ್ಕಿಂತ ಅಪಾಯ ನಡುಕ ತಾನಾಗಿ ನಿಂತಾಗ. ನೋಡುವವರಿಗೆ ‘ಸುಧಾರಿಸಿಕೊಂಡ’ ಅನ್ನಿಸುತ್ತೆ, ಆದರೆ ದೇಹ ಸೋತಿರುತ್ತೆ. ಅವನ ಬುದ್ಧಿಗೂ ಮಂಕು ಕವಿದಿರುವುದರಿಂದ ಅವನ ಮಾತು ನಂಬೋ ಹಾಗಿಲ್ಲ, ಜೊತೆಯಲ್ಲಿರುವವರೇ ಗುರುತಿಸಬೇಕು. ಗಾಳಿಯಿಂದ ಮರೆ ಮಾಡಿ, ಒಣ ಬಟ್ಟೆ ತೊಡಿಸಿ, ಬರಿ ನೆಲದ ಮೇಲೆ ಮಲಗಿಸದೆ ಕೆಳಗೆ ಏನಾದರೂ ಹಾಸಿ. ಎಚ್ಚರವಿದ್ದರೆ ಸಿಹಿಯಾದ ಬಿಸಿ ಪಾನೀಯ ಕೊಡಿ. ‘ಒಂದು ಪೆಗ್ ಹಾಕಿದ್ರೆ ಬೆಚ್ಚಗಾಗ್ತಾನೆ’ ಅನ್ನೋ ಸಲಹೆ ಪ್ರತಿ ತಂಡದಲ್ಲೂ ಒಬ್ಬ ಕೊಡುತ್ತಾನೆ. ಮದ್ಯ ಚರ್ಮಕ್ಕೆ ರಕ್ತ ಹರಿಸಿ ಒಳಗಿನ ಶಾಖವನ್ನೂ ಕಳೆಯುತ್ತದೆ.

ತಮಾಷೆ ಅಂದ್ರೆ ಮಲೆನಾಡಿನ ರೈತರಿಗೆ ಇದು ಹೊಸ ವಿಷಯವೇ ಅಲ್ಲ. ಸುರಿಯುವ ಮಳೆಯಲ್ಲಿ ನಾಟಿ ಮಾಡುವಾಗ ಅವರು ಹಾಕುತ್ತಿದ್ದದ್ದು ಕಂಬಳಿ ಕೊಪ್ಪೆ, ಗೊರಬು. ಉಣ್ಣೆ ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತದೆ, ಹತ್ತಿ ಒದ್ದೆಯಾದರೆ ಮೈ ಶಾಖವನ್ನು ಹೀರುತ್ತದೆ. ಇವತ್ತು ಸಾವಿರಾರು ರೂಪಾಯಿಯ ಶೂ ಕೊಂಡು ಮೇಲೆ ಹತ್ತಿ ಟೀ ಶರ್ಟ್, ಜೀನ್ಸ್ ಹಾಕಿ ಹೊರಡುವವರು ಉಲ್ಟಾ ಮಾಡುತ್ತಿದ್ದಾರೆ. ಒಂದು ಜೊತೆ ಒಣ ಬಟ್ಟೆಯನ್ನು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬ್ಯಾಗಿನ ತಳದಲ್ಲಿ ಇಡಿ. ಮಳೆಯಲ್ಲಿ ನಡೆಯುವಾಗ ಎಷ್ಟೇ ಆಸೆಯಾದರೂ ಅದನ್ನು ತೆಗೆಯಬೇಡಿ, ಅದು ನಿಂತ ಮೇಲೆ ಹಾಕೋಕೆ.

ಇನ್ನು ಸಮಯದ ಲೆಕ್ಕ. ವಿಲಿಯಂ ನೈಸ್ಮಿತ್ ಅನ್ನೋ ಸ್ಕಾಟ್ಲೆಂಡಿನ ಚಾರಣಿಗ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆ ಕಡೆಯಿಂದ ಕುಮಾರ ಪರ್ವತಕ್ಕೆ ಹಾಕಿ ನೋಡಿ. ಸುಮಾರು 13 ಕಿ.ಮೀ. ದಾರಿ, 1,500 ಮೀಟರಿಗೂ ಹೆಚ್ಚು ಏರು. ಗಟ್ಟಿಮುಟ್ಟಾದವರು ಎಲ್ಲೂ ಕೂರದೆ ನಡೆದರೂ ಹತ್ತೋಕೇ ಐದು ಗಂಟೆ ದಾಟುತ್ತೆ. ಶುಕ್ರವಾರ ರಾತ್ರಿ ಟಿಟಿಯಲ್ಲಿ ಅರ್ಧಂಬರ್ಧ ನಿದ್ದೆ ಮಾಡಿ ಬಂದು ಬೆಳಿಗ್ಗೆ ಎಂಟಕ್ಕೆ ಹತ್ತಲು ಶುರು ಮಾಡಿದ ಹೊಸಬರ ಗತಿ? ಎಂಟು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಅಂದರೆ ತುದಿ ಮುಟ್ಟುವಾಗ ಸಂಜೆ ನಾಲ್ಕು, ಇಳಿಯೋದು ಕತ್ತಲಲ್ಲಿ, ಮೊಬೈಲ್ ಟಾರ್ಚ್‌ನಲ್ಲಿ, ಅದೂ ಬೆಳಗ್ಗೆಯಿಂದ ವಿಡಿಯೊ ಮಾಡಿ ಬ್ಯಾಟರಿ ಕೆಂಪಾಗಿರುವ ಮೊಬೈಲ್‌ನಲ್ಲಿ. ವಾಪಸ್ ತಿರುಗುವ ಗಂಟೆಯನ್ನು ಬುಡದಲ್ಲೇ ನಿಗದಿ ಮಾಡಬೇಕು. ಮೇಲೆ ಹೋದ ಮೇಲೆ ತುದಿ ಯಾವಾಗಲೂ ಹತ್ತಿರವೇ ಕಾಣೋದು. ಎಲ್ಲಿಗೆ ಹೊರಟಿದ್ದೀರಿ, ಎಷ್ಟು ಹೊತ್ತಿಗೆ ಫೋನ್ ಮಾಡುತ್ತೀರಿ ಅಂತ ಮನೆಯಲ್ಲಿ ಒಬ್ಬರಿಗಾದರೂ ಹೇಳಿರಬೇಕು.

ನೀರಿನ ಬಗ್ಗೆ ಒಂದೇ ಮಾತು. 2023ರ ಜುಲೈನಲ್ಲಿ ಕೊಲ್ಲೂರು ಬಳಿಯ ಅರಶಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕ ಜಾರಿ ಕೊಚ್ಚಿಹೋದದ್ದು ವಿಡಿಯೊದಲ್ಲೇ ದಾಖಲಾಗಿದೆ. ಅಷ್ಟು ನೋಡಿಯೂ ಪಾಚಿ ಬಂಡೆ ಹತ್ತುವವರಿಗೆ ಹೇಳೋಕೆ ನನ್ನಲ್ಲಿ ಬೇರೆ ಮಾತಿಲ್ಲ.

ಇದನ್ನೆಲ್ಲ ಕಲಿಸಬೇಕಾದವರು ಯಾರು? ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಸರ್ಕಾರದ್ದೇ. ಅರಣ್ಯ ಇಲಾಖೆಯ ಬುಕಿಂಗ್ ಜಾಲತಾಣವೂ ಸರ್ಕಾರದ್ದೇ. ಹಣ ಕಟ್ಟುವ ಮುಂಚೆ ಅಕಾಡೆಮಿಯವರ ಹತ್ತು ನಿಮಿಷದ ಕನ್ನಡ ವಿಡಿಯೊ ಒಂದನ್ನು ಕಡ್ಡಾಯವಾಗಿ ತೋರಿಸಲು ಹೊಸ ಕಾನೂನು ಬೇಕಿಲ್ಲ, ಎರಡು ಇಲಾಖೆ ಮಾತಾಡಿಕೊಂಡರೆ ಸಾಕು. ಚೆಕ್‌ಪೋಸ್ಟಿನಲ್ಲಿ ಸಿಬ್ಬಂದಿ ಹೇಗೂ ಪ್ಲಾಸ್ಟಿಕ್ ಬಾಟಲಿ ಎಣಿಸೋಕೆ ಬ್ಯಾಗ್ ತೆರೆಸುತ್ತಾರೆ. ತೆರೆದ ಬ್ಯಾಗಿನಲ್ಲಿ ಟಾರ್ಚ್ ಇದೆಯಾ, ಒಣ ಬಟ್ಟೆ ಇದೆಯಾ ಅಂತ ಅಲ್ಲೇ ನೋಡಬಹುದು.